ಬ್ರೇಕಿಗೆ ಬಿಟ್ಟ ಎಣ್ಣೆ

ಏನಾದರೂ ಕಿರುಗುಟ್ಟುವುದು ಕಿವಿಗೆ ಬಿದ್ದರೆ ದರ್ಜಿಯಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವಳು. ಯಂತ್ರ ಗೊಣಗಿದರೆ ಎರಡು ಹನಿ ಎಣ್ಣೆ ಎಂಬುದು ಅವಳ ಪಾಲಿಗೆ ವೇದವಾಕ್ಯ. ಬಾಗಿಲ ತಿರುಗಣಿ, ಫ್ಯಾನು, ಪಕ್ಕದ ಮನೆಯ ಮಗುವಿನ ತಳ್ಳುಗಾಡಿ, ಎಲ್ಲವೂ ಅವಳ ಉದ್ದ ಮೂತಿಯ ಎಣ್ಣೆಡಬ್ಬಿಯ ರುಚಿ ಕಂಡಿದ್ದವು. ಮೇಲಿನ ಮಹಡಿಯ ಮುದುಕರು ಒಮ್ಮೆ "ನನ್ನ ಮಂಡಿಗೂ ಎರಡು ಹನಿ ಬಿಟ್ಟುಬಿಡಮ್ಮ" ಎಂದಿದ್ದರು. ಅವಳು ನಗಲಿಲ್ಲ. ಎಣ್ಣೆಯ ವಿಷಯದಲ್ಲಿ ಅವಳಿಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮಗಳು, "ಈ ಗಾಡಿ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಕುಯ್ಯೋ ಅಂತ ಅಳುತ್ತಮ್ಮ, ರಸ್ತೆಯವರೆಲ್ಲ ತಿರುಗಿ ನೋಡ್ತಾರೆ" ಎಂದು ಹೇಳಿ ಸ್ನಾನಕ್ಕೆ ಹೋದಳು. ಮಗಳು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ತಾಯಿ ಕೆಳಗಿಳಿದು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಆ ಹೊಳೆಯುವ ತೂತುತೂತಿನ ತಟ್ಟೆಗೂ ಅದನ್ನು ಕಚ್ಚಿಕೊಂಡ ಕಬ್ಬಿಣದ ದವಡೆಗೂ ಧಾರಾಳವಾಗಿ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮೇಲೆ ಬಂದು ಕೈ ತೊಳೆದುಕೊಂಡಿದ್ದಳು. ಇಂಥ ಕೆಲಸವನ್ನು ಯಾರು ಹೇಳಿಕೊಂಡು ತಿರುಗುತ್ತಾರೆ? ಅವಳೂ ಹೇಳಲಿಲ್ಲ. ಎರಡು ದಿನ ಕಳೆದರೆ ತಾನೇ ಮರೆತುಬಿಡುವಷ್ಟು ಸಣ್ಣ ಕೆಲಸ.

ಮಗಳು ರಕ್ತಪರೀಕ್ಷೆಯ ಲ್ಯಾಬಿನವಳು. ಬೆಳಗಾದರೆ ಬೆನ್ನಿಗೆ ತಂಪುಪೆಟ್ಟಿಗೆ ಕಟ್ಟಿಕೊಂಡು, ಮಿಡತೆಯ ಹಾಗೆ ಮುಂದಕ್ಕೆ ಬಾಗಿದ ಆ ಪುಟ್ಟ ಕೆಂಪು ಸ್ಪೋರ್ಟ್ಸ್ ಬೈಕೇರಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುತ್ತಿದ್ದಳು. ಲ್ಯಾಬಿನವರೆಲ್ಲ ಅವಳನ್ನು ಸೊಳ್ಳೆ ಎಂದೇ ಕರೆಯುತ್ತಿದ್ದರು. ಎಂಥ ಒಣಗಿದ ಮುದುಕಿಯ ತೋಳಿನಲ್ಲೂ ನರ ಹುಡುಕುವ ಕೈ ಅದು. ತನ್ನ ಕೈ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದ್ದೇ.

ಎಣ್ಣೆ ಬಿಟ್ಟ ಮರುದಿನ ಬೆಳಿಗ್ಗೆ, ಎರಡನೇ ತಿರುವಿನಲ್ಲಿ ಬ್ರೆಡ್ಡಿನ ವ್ಯಾನೊಂದು ಗಕ್ಕನೆ ನಿಂತಿತು. ಸೊಳ್ಳೆ ಬ್ರೇಕ್ ಹಿಡಿದಳು. ಬೈಕು ನಿಲ್ಲಲಿಲ್ಲ. ಹಿಂದಿನ ಬ್ರೇಕೊಂದೇ ಏನು ತಾನೇ ಮಾಡೀತು? ವ್ಯಾನಿನ ಬೆನ್ನಿಗೆ ಗುದ್ದಿ ಬಿದ್ದಳು. ಎಡ ಮಣಿಕಟ್ಟಿನಲ್ಲಿ ಬಿರುಕು, ಒಡೆದ ಹೆಲ್ಮೆಟ್ಟು, ರಸ್ತೆ ತುಂಬ ಗಾಜಿನ ಕೊಳವೆ. ವ್ಯಾನಿನವನು ಕೂಡಿದ ಜನಕ್ಕೆಲ್ಲ ಸಾರಿದ: "ಕನ್ನಡೀಲಿ ನೋಡ್ದೆ ನಾನು. ಹುಡುಗಿ ಬ್ರೇಕೇ ಹಿಡೀಲಿಲ್ಲ. ಹೆದರಿ ಮರಗಟ್ಟಿ ಹೋದ್ಲು."

ಮೊದಮೊದಲು ಸೊಳ್ಳೆ, ಹಿಡಿದಿದ್ದೆ, ಬಿಗಿಯಾಗಿಯೇ ಹಿಡಿದಿದ್ದೆ ಎಂದು ವಾದಿಸಿದಳು. ಆದರೆ ಹಿಡಿದಿದ್ದರೆ ಗಾಡಿ ನಿಲ್ಲಬೇಕಿತ್ತಲ್ಲ? ಹತ್ತು ಸಲ ಹೇಳಿದ ಸುಳ್ಳು ನಿಜವಾಗುತ್ತದೆ ಎನ್ನುತ್ತಾರೆ. ಇಲ್ಲಿ ಹತ್ತು ಸಲ ಪ್ರಶ್ನೆಗೊಳಗಾದ ನಿಜ ಅವಳಿಗೇ ಸುಳ್ಳಾಯಿತು. ಮಣಿಕಟ್ಟು ಕೂಡಿಕೊಂಡ ಮೇಲೆ ಲ್ಯಾಬಿಗೆ ಹೋಗಿ ಒಬ್ಬಾಕೆಗೆ ಎರಡು ಸಲ ಸೂಜಿ ಚುಚ್ಚಿದಳು, ಎರಡು ಸಲವೂ ನರ ಸಿಗಲಿಲ್ಲ. ಮೂರನೆಯದಕ್ಕೆ ಕೈ ನಡುಗಿತು. ಅಂದಿನಿಂದ ಕೌಂಟರಿನಲ್ಲಿ ಕೂತು ರೋಗಿಗಳ ಹೆಸರು, ವಯಸ್ಸು ಬರೆದುಕೊಳ್ಳುವ ಕೆಲಸ. "ಕೈ ನನ್ನ ಮಾತು ಕೇಳಲ್ಲಮ್ಮ. ಅವತ್ತೂ ಕೇಳಲಿಲ್ಲ" ಎಂದಳು ಒಮ್ಮೆ, ತಟ್ಟೆಯಲ್ಲಿ ಕೈಯಿಟ್ಟುಕೊಂಡು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ದರ್ಜಿಯಮ್ಮನಿಗೆ ಮಗಳ ಮುಖ ನೋಡಿ ಕರುಳು ಚುರುಕ್ಕೆನ್ನುತ್ತಿತ್ತು, ನಿಜ. ಆದರೆ ಆ ಬೈಕು ಮನೆಗೆ ಬಂದ ದಿನದಿಂದ ಅವಳ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ಕೆಂಡ ಆರಿದ್ದೂ ಅಷ್ಟೇ ನಿಜ. ಮಗಳು ಬಸ್ಸಿನಲ್ಲಿ ಹೋಗುತ್ತಾಳೆ, ಬಸ್ಸಿನಲ್ಲಿ ಬರುತ್ತಾಳೆ. ತಾಯಿಗೆ ಇನ್ನೇನು ಬೇಕು? ನಾಲ್ಕು ತಿಂಗಳು ಮುಸುಕು ಹೊದ್ದು ನಿಂತಿದ್ದ ಬೈಕನ್ನು ಮಾರುತ್ತೇನೆಂದು ಮಗಳೇ ಹೇಳಿದಾಗ ಅವಳು ಒಳಗೊಳಗೇ ಹಿಗ್ಗಿದಳು. ಒಬ್ಬ ಜಿಮ್ ತರಬೇತುದಾರ ಭಾನುವಾರ ಬಂದು ಒಯ್ಯುವುದು, ಅಷ್ಟರಲ್ಲಿ, ಗುದ್ದಿದ ಏಟಿಗೆ ಕೆಟ್ಟಿದೆ ಎಂದೇ ಎಲ್ಲರೂ ಅಂದುಕೊಂಡಿದ್ದ ಮುಂದಿನ ಬ್ರೇಕು ಸರಿಯಾಗಿರಬೇಕು ಎಂದು ಮಾತಾಯಿತು. ಬೀಳುವುದಕ್ಕೆ ಒಂದು ತಿಂಗಳ ಮುಂಚೆ ಮಗಳು ಆಸೆಪಟ್ಟು ತರಿಸಿಟ್ಟಿದ್ದ ಡಬ್ಬವೊಂದು ಕಪಾಟಿನಲ್ಲಿತ್ತು: ಅಗಲದ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ದೊಡ್ಡ ಕ್ಯಾಲಿಪರು, ಉಕ್ಕಿನ ಎಳೆ ಹೆಣೆದ ಪೈಪು. "ಇದನ್ನೂ ಹಾಕಿಸಿ ಕೊಟ್ಬಿಡು. ನಂಗ್ಯಾಕೆ ಇನ್ನು" ಎಂದು ಮಗಳು ಅದನ್ನು ತಾಯಿಯ ಮಡಿಲಿಗೆ ಹಾಕಿದಳು.

ಶುಕ್ರವಾರ ಮಧ್ಯಾಹ್ನ ದರ್ಜಿಯಮ್ಮ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಹಳೆ ಟಯರಿನ ಮೇಲೆ ಕೂತು, ಸಮಯ ಹಾಳಾಗದಿರಲೆಂದು ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ಮೆಕ್ಯಾನಿಕ್ಕನಿಗೆ ಮೌನಿ ಎಂದು ಅಡ್ಡಹೆಸರು. ಬಾಯಿಗೆ ಬಿಡುವೇ ಕೊಡದ ಮನುಷ್ಯನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ? ಅವನು ಬೈಕಿನ ಜೊತೆ, ಸ್ಪ್ಯಾನರಿನ ಜೊತೆ, ಗೋಡೆಯ ಜೊತೆ ಮಾತಾಡುತ್ತಲೇ ಹಳೆಯ ಕ್ಯಾಲಿಪರ್ ಬಿಚ್ಚಿ, ಅದರ ಹೊಟ್ಟೆಯಿಂದ ಬೆರಳುದ್ದದ ಎರಡು ಪ್ಯಾಡು ಎಳೆದು ತೆಗೆದ. ಮೂಸಿ ನೋಡಿದ.

"ಅಯ್ಯೋ ರಾಮ! ದರ್ಜಿಯಮ್ಮ, ಇಲ್ ನೋಡಿ. ಈ ಪ್ಯಾಡುಗಳೇ ಡಿಸ್ಕನ್ನ ಕಚ್ಚಿ ಗಾಡಿ ನಿಲ್ಸೋದು. ಇವು ಕಂಠಪೂರ್ತಿ ಎಣ್ಣೆ ಕುಡ್ದು ಕೂತಿವೆ!"

"ಎಣ್ಣೆ ಒಳ್ಳೇದಲ್ವಾ?" ಎಂದಳು ಅವಳು.

"ಒಳ್ಳೇದಾ? ಮೈಗೆ ಎಣ್ಣೆ ಹಚ್ಕೊಂಡ ಪೈಲ್ವಾನನ್ನ ಹಿಡಿಯೋಕಾಗುತ್ತಾ? ಬ್ರೇಕ್ ಆಯಿಲ್ ಅನ್ನೋದು ಪೈಪಿನ ಒಳಗಿರ್ಬೇಕು. ಹೊರಗೆ ಒಂದು ಹನಿ ಬಿದ್ರೂ ವಿಷ. ಇದು ಸೋರಿದ್ದಲ್ಲ, ಯಾರೋ ಕೈಯಾರೆ ಬಿಟ್ಟಿದ್ದು. ಯಾವ ಶತ್ರು ಮಾಡಿದ್ನೋ! ಇಂಥ ಪ್ಯಾಡ್ ಇಟ್ಕೊಂಡು ಸೊಳ್ಳೆಯಲ್ಲ, ಆನೆ ಬಂದು ಬ್ರೇಕ್ ಹಿಡಿದಿದ್ರೂ ಗಾಡಿ ನಿಲ್ತಿರ್ಲಿಲ್ಲ."

ಸೂಜಿ ದರ್ಜಿಯಮ್ಮನ ಹೆಬ್ಬೆರಳಿಗೆ ಇಳಿಯಿತು. ಮೂವತ್ತೊಂದು ವರ್ಷದಲ್ಲಿ ಹಾಗಾಗಿದ್ದು ಎಷ್ಟು ಸಲವೋ, ಆದರೆ ಇಷ್ಟು ಆಳಕ್ಕೆ ಎಂದೂ ಇಳಿದಿರಲಿಲ್ಲ.

"ಯಾರಿರ್ಬೋದು?" ಎಂದು ಕೇಳಿದ ಮೌನಿ.

"ನಂಗೇನ್ ಗೊತ್ತು" ಎಂದಳು.

ನಾಲ್ಕು ಅಂಗಡಿ ಆಚೆ ಅವಳ ಅಕ್ಕನ ಇಸ್ತ್ರಿ ಅಂಗಡಿ. ಅಲ್ಲಿಗೆ ಹೋಗಿ, ಬಿಸಿ ಬಟ್ಟೆಯ ರಾಶಿಗಳ ನಡುವೆ ನಿಂತು ಎಲ್ಲ ಹೇಳಿದಳು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಂಗಿಯ ಮುಖವನ್ನೇ ನೋಡಿದಳು.

"ಬೇರೆ ಯಾರಿಗ್ ಹೇಳಿದೀಯ?"

"ಯಾರಿಗೂ ಇಲ್ಲ."

"ಹಾಗಾದ್ರೆ ಬಾಯಿಗೆ ಹೊಲಿಗೆ ಹಾಕ್ಕೊ. ಗಾಡಿ ಹೋಗುತ್ತೆ, ಹುಡುಗಿ ಉಳಿದಿದ್ದಾಳೆ. ಹಾವೂ ಸತ್ತಿದೆ, ಕೋಲೂ ಮುರಿದಿಲ್ಲ. ಈಗ ಹೋಗಿ ಹೆತ್ತ ಮಗಳ ಹತ್ರ, ನಿನ್ನ ಕೆಡವಿದ್ದು ನಾನೇ ಅಂತೀಯಾ? ಜನ್ಮದಲ್ಲಿ ನಿನ್ ಮುಖ ನೋಡ್ತಾಳಾ ಅವ್ಳು?"

"ಅವ್ಳು ತನ್ನ ಕೈನೇ ನಂಬ್ತಿಲ್ಲ ಅಕ್ಕ."

"ಕೌಂಟರಲ್ಲಿ ಕೂತಿದ್ದಾಳಲ್ಲ, ಕೂತಿರ್ಲಿ. ಫ್ಯಾನಿದೆ, ಕುರ್ಚಿಯಿದೆ. ಸೂಜಿ ಚುಚ್ಚದೆ ಇದ್ರೆ ಯಾರೂ ಸಾಯಲ್ಲ."

ಅಕ್ಕನ ಮಾತಿನಲ್ಲಿ ತಪ್ಪು ಹುಡುಕಲು ದರ್ಜಿಯಮ್ಮನಿಗೆ ಆಗಲಿಲ್ಲ. ಅದೇ ಅವಳಿಗೆ ಹಿಂಸೆಯಾಯಿತು. ಮನೆಗೆ ಬಂದಾಗ ಮಗಳು ಕಿಟಕಿಯ ಬಳಿ ಕೂತು ತನ್ನ ಬಲಗೈಯನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡುತ್ತಿದ್ದಳು. ತಾಯಿಯನ್ನು ಕಂಡವಳೇ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಕಳ್ಳತನ ಮಾಡಿದವಳು ನಾನು, ಕೈ ಬಚ್ಚಿಡುವವಳು ಇವಳು ಎಂದುಕೊಂಡಳು ದರ್ಜಿಯಮ್ಮ. ಬಾಯಿ ತೆರೆದಳು. "ಊಟಕ್ಕೇಳು" ಎಂದಷ್ಟೇ ಬಂತು.

ಶನಿವಾರ ಮಧ್ಯಾಹ್ನ ಲ್ಯಾಬು ಮುಗಿಸಿ ಮಗಳು ಬೈಕಿನ ಕಾಗದಗಳನ್ನು ಹಿಡಿದು ಅಂಗಡಿಗೆ ಬಂದಳು. ತಾಯಿ ಆಗಲೇ ಅಲ್ಲಿದ್ದಳು. ಹೊಸ ಡಿಸ್ಕು ಚಕ್ರದ ಮುಕ್ಕಾಲು ಪಾಲು ತುಂಬಿಕೊಂಡು ಕೂತಿತ್ತು, ಕ್ಯಾಲಿಪರು ಅದನ್ನು ಕಚ್ಚಿ ಹಿಡಿದಿತ್ತು. ಮಗಳು ಒಮ್ಮೆ ನೋಡಿ, ನೋಡಬಾರದ್ದನ್ನು ನೋಡಿದಂತೆ ಕಣ್ಣು ತಿರುಗಿಸಿದಳು.

"ಬಾ ಬಾ ಸೊಳ್ಳೆ, ಸರಿಯಾದ ಹೊತ್ತಿಗೆ ಬಂದೆ. ಇದೊಂದು ಒಬ್ಬನ ಕೈಲಿ ಆಗೋ ಕೆಲ್ಸ ಅಲ್ಲ" ಎಂದ ಮೌನಿ. ಪೈಪಿನ ತುಂಬ ಗಾಳಿಯಿದೆ. ಗಾಳಿಯಿದ್ದರೆ ಬ್ರೇಕು ಹತ್ತಿಯ ಹಾಗೆ ಮೆತ್ತಗಿರುತ್ತದೆ. ಮೇಲೆ ಒಬ್ಬರು ಹ್ಯಾಂಡಲಿನ ಬ್ರೇಕ್ ಲಿವರ್ ಒತ್ತಿ ಹಿಡಿಯಬೇಕು, ಕೆಳಗೆ ಅವನು ತಿರುಪು ಸಡಿಲಿಸುತ್ತಾನೆ, ಆಯಿಲ್ ಗಾಳಿಯನ್ನು ನೂಕಿಕೊಂಡು ಸಣ್ಣ ಕೊಳವೆಯಿಂದ ಬಾಟಲಿಗೆ ಬರುತ್ತದೆ. ಅವನು ತಿರುಪು ಬಿಗಿದು "ಬಿಡು" ಎನ್ನುವ ತನಕ ಲಿವರ್ ಬಿಡಕೂಡದು. ಬಿಟ್ಟರೆ ಗಾಳಿ ವಾಪಸ್ಸು ಒಳಗೆ.

ಬಾಟಲಿ ಹಿಡಿಯುವ ಕೆಲಸ ದರ್ಜಿಯಮ್ಮನ ಪಾಲಿಗೆ ಬಂತು. ಕೊಳವೆಯ ತುದಿ ಆಯಿಲಿನಲ್ಲಿ ಮುಳುಗಿರುವಂತೆ ನೋಡಿಕೊಂಡು ನೆಲದ ಮೇಲೆ ಕೂತಳು. ಹಿಡಿ, ಬಿಡು, ಹಿಡಿ, ಬಿಡು ಎಂದು ಕೆಲಸ ಸಾಗಿತು. ಗುಳ್ಳೆಗಳು ಬುಳುಬುಳು ಬಂದು ಬರಬರುತ್ತ ಕಡಿಮೆಯಾದವು.

"ಇನ್ನೊಂದೆರಡು ಸಲ ಅಷ್ಟೆ. ಹಿಡಿ!"

ಮಗಳು ಹಿಡಿದಳು. ಮೌನಿ ತಿರುಪು ಸಡಿಲಿಸಿದ. ಆಗ ಮಗಳ ದನಿ ಮೇಲಿನಿಂದ ಬಂತು, ಸಣ್ಣಗೆ: "ಬೇರೆ ಯಾರನ್ನಾದ್ರೂ ಕರೀರಿ. ನನ್ನ ಕೈ ನಂಬ್ಕೊಂಡು ಈ ಕೆಲ್ಸ ಮಾಡ್ಬೇಡಿ. ನಾಳೆ ಆ ಮನುಷ್ಯ ಬಿದ್ರೆ?"

ದರ್ಜಿಯಮ್ಮ ತಾನು ಎಲ್ಲಿದ್ದೇನೆ, ಏನು ಹಿಡಿದಿದ್ದೇನೆ ಎಂಬುದನ್ನೇ ಮರೆತಳು. "ನಿನ್ನ ಕೈ ಸರಿಯಾಗೇ ಹಿಡಿದಿತ್ತು ಕಣೇ!" ಎಂದು ಎದ್ದು ನಿಂತಳು. "ಎಣ್ಣೆ ಬಿಟ್ಟವ್ಳು ನಾನು. ಕಿರುಗುಟ್ಟುತ್ತೆ ಅಂದ್ಯಲ್ಲ, ಅವತ್ತು ಸಂಜೆನೇ ಬ್ರೇಕಿಗೆ ಎಣ್ಣೆ ಬಿಟ್ಟೆ. ನೀನು ಹಿಡಿದೆ, ಅದು ನಿಲ್ಲಲಿಲ್ಲ. ತಪ್ಪು ನಿಂದಲ್ಲ, ನಂದು."

ಬಾಟಲಿ ಉರುಳಿತು. ಕೊಳವೆ ಹೊರಗೆ ಜಿಗಿಯಿತು. ಮಗಳ ಕೈ ಲಿವರಿನಿಂದ ಜಾರಿತು, ಸುರ್ರೆಂದು ಪೈಪು ಗಾಳಿ ಹೀರಿಕೊಂಡಿತು.

"ಹೋಯ್ತು!" ಎಂದು ಮೌನಿ ತಲೆ ಚಚ್ಚಿಕೊಂಡ. "ಒಂದು ಗಂಟೆ ಕೆಲ್ಸ ನೀರಲ್ಲಿ ಹೋಮ! ಇನ್ನೆರಡು ನಿಮಿಷ ತಡೆದು ಹೇಳಿದ್ರೆ ಏನ್ರೀ ಗಂಟು ಹೋಗ್ತಿತ್ತು..." ಎನ್ನುತ್ತಿದ್ದವನು ತಾಯಿಮಗಳ ಮುಖ ನೋಡಿ, ಬಹುಶಃ ಜೀವಮಾನದಲ್ಲೇ ಮೊದಲ ಬಾರಿಗೆ, ಅರ್ಧ ಮಾತಿಗೇ ಬಾಯಿ ಮುಚ್ಚಿದ.

"ನಾಲ್ಕು ತಿಂಗಳು" ಎಂದಳು ಮಗಳು.

"ನಂಗೆ ಗೊತ್ತಾಗಿದ್ದು ನಿನ್ನೆ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೇ ಮಾಡಿದ್ದು."

"ನಿನ್ನೆ ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳಲು ಇದೇ ಕೊನೆಯ ಅವಕಾಶವಾಗಿತ್ತು. ದರ್ಜಿಯಮ್ಮ ಅದನ್ನೂ ಬಿಟ್ಟುಕೊಟ್ಟಳು. "ಹೆದರಿಕೆ ಆಯ್ತು. ಆಮೇಲೆ, ಗಾಡಿ ತೊಲಗ್ಲಿ, ನೀನು ಬಸ್ಸಲ್ಲೇ ಓಡಾಡ್ಕೊಂಡಿರ್ಲಿ ಅಂತ ಆಸೆನೂ ಆಯ್ತು."

ಮಗಳು ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಅವಳ ಮುಖ ಕೆಂಪಾಗಿತ್ತು. ಮೌನಿ ಕಸದ ಡಬ್ಬದಿಂದ ಹಳೆಯ ಪ್ಯಾಡುಗಳನ್ನು ಹೆಕ್ಕಿ ತಂದು ಅವಳ ಅಂಗೈಯಲ್ಲಿಟ್ಟ. ಅವಳು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು, ಕಪ್ಪಗೆ ಜಿಡ್ಡು ಹತ್ತಿತು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಲಿವರಿನ ಬಳಿ ಹೋಗಿ ನಿಂತಳು.

"ಮೊದಲಿಂದ ಶುರು ಮಾಡಿ" ಎಂದಳು ಮೌನಿಗೆ. ತಾಯಿಯ ಕಡೆ ನೋಡದೆ, "ಬಾಟಲಿ ನೆಟ್ಟಗೆ ಹಿಡ್ಕೊ" ಎಂದಳು.

ಮತ್ತೆ ಹಿಡಿ, ಬಿಡು. ಇನ್ನೊಂದು ಗಂಟೆ. ಕೊಳವೆಯಲ್ಲಿ ಕೊನೆಯ ಗುಳ್ಳೆಯೂ ಹೋಗಿ ಬರೀ ತಿಳಿ ಆಯಿಲ್ ಬರತೊಡಗಿದಾಗ ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. "ಹೊಸ ಪ್ಯಾಡು, ಹೊಸ ಡಿಸ್ಕು. ಒಂದಕ್ಕೊಂದು ಹೊಂದ್ಕೋಬೇಕು. ಇಪ್ಪತ್ತು ಸಲ ಓಡ್ಸಿ, ಇಪ್ಪತ್ತು ಸಲ ಮೆಲ್ಲಗೆ ಹಿಡೀಬೇಕು. ನಾನ್ ಹೋಗ್ಲಾ?" ಎಂದ ಮೌನಿ. ಮಗಳು ಗೋಡೆಗೆ ನೇತುಹಾಕಿದ್ದ ಅವನ ಹೆಲ್ಮೆಟ್ಟು ತೆಗೆದುಕೊಂಡಳು.

ಅಂಗಡಿಯ ಹಿಂದೆ ಗೋದಾಮುಗಳ ಉದ್ದನೆಯ ಖಾಲಿ ರಸ್ತೆಯಿತ್ತು. ಮಗಳು ಬೈಕೇರಿ ಅತ್ತ ಹೋದಳು; ದರ್ಜಿಯಮ್ಮ, ಮೌನಿ ಇಬ್ಬರೂ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಇಂಜಿನ್ ಏರುವುದು, ಇಳಿಯುವುದು, ನಿಲ್ಲುವುದು. ಪ್ರತಿ ಸಲ ಸದ್ದು ಇಳಿದು ಮತ್ತೆ ಏರಿದಾಗ ದರ್ಜಿಯಮ್ಮ ಒಂದೊಂದು ಬೆರಳು ಮಡಿಸಿ ಎಣಿಸಿದಳು. ಇಪ್ಪತ್ತಾಯಿತು. ಇಪ್ಪತ್ತೊಂದನೇ ಸಲ ಸದ್ದು ಇಳಿಯಲೇ ಇಲ್ಲ. ಏರಿ, ದೂರವಾಗಿ, ಪೇಟೆಯ ಗದ್ದಲದಲ್ಲಿ ಕರಗಿತು.

"ಎಲ್ ಹೋದ್ಲು?" ಎಂದಳು.

"ನನ್ ಹೆಲ್ಮೆಟ್ ಹಾಕ್ಕೊಂಡೇ ಹೋದ್ಲು" ಎಂದ ಮೌನಿ, ಅದಕ್ಕಿಂತ ಒಳ್ಳೆಯ ಉತ್ತರ ಹೊಳೆಯದೆ.

ದರ್ಜಿಯಮ್ಮ ಮನೆಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು. ದೀಪ ಹಾಕುವ ಹೊತ್ತಿಗೆ ಕೆಳಗೆ ಬೈಕು ನಿಂತ ಸದ್ದಾಯಿತು. ಮಗಳು ಮೇಲೆ ಬಂದಾಗ ಬೆನ್ನಿನ ಮೇಲೆ ಲ್ಯಾಬಿನ ತಂಪುಪೆಟ್ಟಿಗೆಯಿತ್ತು.

"ಆ ಜಿಮ್ಮಿನವ್ನಿಗೆ ನಾಳೆ ಬರ್ಬೇಡ ಅಂದೆ" ಎಂದಳು. "ಸೋಮವಾರದಿಂದ ಮನೆಮನೆ ಕೆಲ್ಸ ವಾಪಸ್ ಕೊಡಿ ಅಂತ ಲ್ಯಾಬಲ್ಲಿ ಕೇಳ್ದೆ. ಮೊದ್ಲು ಒಬ್ರದ್ದು ಸರಿಯಾಗಿ ತೆಗೆದು ತೋರಿಸು ಅಂದ್ರು." ಕೈ ತೊಳೆದು ಬಂದು ಮೇಜಿನ ಮೇಲಿದ್ದ ಬಟ್ಟೆಗಳನ್ನು ಸರಿಸಿದಳು. "ಕೈ ಕೊಡು."

ದರ್ಜಿಯಮ್ಮ ತೋಳು ಚಾಚಿದಳು. ಮಗಳು ಪಟ್ಟಿ ಕಟ್ಟಿ, ಮೊಣಕೈ ಮಡಿಕೆಯಲ್ಲಿ ಬೆರಳತುದಿಯಿಂದ ಹುಡುಕಿದಳು. ಬೆರಳು ಸ್ವಲ್ಪ ನಡುಗಿತು. ನಿಂತಿತು. ಮತ್ತೆ ಹುಡುಕಿತು.

"ಇನ್ನೂ ಕೋಪ ಇದೆಯಾ?"

"ಇದೆ. ತುಂಬಾ ಇದೆ."

ಸೂಜಿ ಒಳಗೆ ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಗಾಜಿನ ಕೊಳವೆಯೊಳಗೆ ಗಾಢ ಕೆಂಪು ಏರತೊಡಗಿತು.

"ಬಂತು" ಎಂದಳು ಮಗಳು, ಬೇರೆ ಯಾರೋ ಮಾಡಿದ ಕೆಲಸವನ್ನು ನೋಡುತ್ತಿರುವಂತೆ. "ಅಮ್ಮ, ಬಂತು."

ದರ್ಜಿಯಮ್ಮನಿಗೆ ಅಲ್ಲಿಯ ತನಕ ತಡೆದದ್ದೆಲ್ಲ ಒಮ್ಮೆಲೇ ಒತ್ತರಿಸಿ ಬಂತು. ಭುಜ ಅಲುಗಿತು.

"ಅಳೋದಿದ್ರೆ ಅಳು" ಎಂದಳು ಮಗಳು, ಕೊಳವೆಯಿಂದ ಕಣ್ಣು ತೆಗೆಯದೆ. "ಆ ಕೈ ಮಾತ್ರ ಅಲ್ಲಾಡಿಸ್ಬೇಡ."