ಬಾಯಲ್ಲಿ ನರ ಇರುವಾಗ

ಅಂಟಿನ ಹಬೆ ಮೂಗಿಗೆ ಬಡಿಯಿತು, ಬಿಸಿ ಸರಿಯಾಗಿದೆ, ಎಳೆಗೂಸಿಗೆ ಎರೆಯುವ ನೀರಿನಷ್ಟೇ ಇರಬೇಕು, ಹೆಚ್ಚಾದರೆ ನರ ಬೆಂದು ಮುದುಡುತ್ತದೆ, ಒಲೆಯ ಕೊಳ್ಳಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದೆ, ಕೈಗೆ ಬಿಡುವಿಲ್ಲ, ಬಾಯಿಗಂತೂ ಮೊದಲೇ ಇಲ್ಲ, ಬಾಯಿ ತುಂಬ ಚಿಗರಿಯ ಹಿಂಗಾಲಿನ ನರ — ಒಣಗಿಸಿ, ಕಲ್ಲಿನಿಂದ ಜಜ್ಜಿ, ಕೂದಲಿನ ಹಾಗೆ ಎಳೆ ಎಳೆ ಬಿಡಿಸಿಟ್ಟದ್ದು, ಅದನ್ನು ನಾನು ಅಗಿದು ಮೆತ್ತಗೆ ಮಾಡಿ ಕೊಡಬೇಕು, ನನ್ನ ಗಂಡ ಅಂಟಿನಲ್ಲಿ ಅದ್ದಿ ಬಿಲ್ಲಿನ ಬೆನ್ನಿಗೆ ಉದ್ದಕ್ಕೆ ಹಚ್ಚಬೇಕು, ಆಮೇಲೆ ಇನ್ನೊಂದು ಎಳೆ, ಆಮೇಲೆ ಇನ್ನೊಂದು. ಒಣಗಿತೆಂದರೆ ಆ ನರವೇ ಕಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ, ಕಿವಿಯ ತನಕ ಜಗ್ಗಿದರೂ ಮುರಿಯಗೊಡುವುದಿಲ್ಲ. ರುಚಿ ಮಾತ್ರ ಹಳೆಯ ಚಪ್ಪಲಿಯದು, ಚಪ್ಪಲಿ ಅಗಿದವಳಲ್ಲ ನಾನು, ಆದರೂ ಗೊತ್ತು. ಬಾಯಲ್ಲಿ ನರ ಇರುವಾಗ ಮಾತಾಡಬಾರದು, ಇದು ನಮ್ಮ ಮನೆಯ ಕಟ್ಟಳೆ, ಆಡಿದ ಮಾತು ಬಿಲ್ಲಿನೊಳಗೆ ಹೋಗಿ ಕೂತು, ಎಳೆದಾಗ ಕಿರ್ರ್ ಅಂದು, ಬೇಟೆ ಓಡಿಹೋಗುತ್ತದಂತೆ — ಅತ್ತೆ ತಿಮ್ಮವ್ವ ತನ್ನ ಮಗನಿಗೆ ಹೇಳಿದ್ದು, ಪುಣ್ಯವಂತೆ, ಬಡಬಡ ಅನ್ನುವ ಮಗನ ಬಾಯಿಗೆ ಬೀಗ ಹಾಕಲು ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೆ ಹೊಳೆದೀತು. ಈಗ ಆ ಬೀಗ ನನಗೆ ಬಂದಿದೆ, ಮಗನಿಗೆ ಬಿಡುಗಡೆ.

ಬಿಡುಗಡೆ ಅಂದರೆ ಎಂಥದು, ಬೆಳಗಿನಿಂದ ಮಾತೋ ಮಾತು, ಎದುರಿಗೆ ಸರದಾರಸಾಬ ಕೂತಿದ್ದಾನಲ್ಲ, ಕೇಳುವ ಕಿವಿ ಸಿಕ್ಕರೆ ಇವನಿಗೆ ಹೋಳಿಗೆ ಸಿಕ್ಕ ಹಾಗೆ — ಜನರ ಮುಂದೆ ನಾನು ಅವರು ಅನ್ನುತ್ತೇನೆ, ಒಳಗೆ ಮಾತ್ರ ಇವನು, ಅಂಬಣ್ಣ, ಒಳಗಿನ ಮಾತಿಗೆ ಯಾವ ಪಂಚರು ದಂಡ ಹಾಕುತ್ತಾರೆ. ಸರದಾರಸಾಬ ಕೆಂಭಾವಿ ಕಡೆಯ ಕುರಿದೊಡ್ಡಿಗಳಿಗೆ ಕಾವಲಿನವನು, ನಿನ್ನೆಯೇ ಹೊರಟು ಸುರಪುರಕ್ಕೆ ಬಂದಿದ್ದಾನೆ, ತನ್ನ ಬಿಲ್ಲಿಗೆ ನರ ಹಚ್ಚುವುದನ್ನು ಕಣ್ಣಾರೆ ನೋಡಬೇಕಂತೆ. ಮೊದಲು ಅವನ ಹೆಗಲ ಮೇಲೆ ಅಪ್ಪನ ಕಾಲದ ಬಂದೂಕಿತ್ತು, ನಮ್ಮ ಬಾಗಿಲ ಮುಂದೆಯೇ ಹಾಯ್ದು ಹೋಗುತ್ತಿದ್ದ, ಬಿಲ್ಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೈದರಾಬಾದಿಗೆ ಮಿಲಿಟರಿ ಬಂತು, ನಿಜಾಮನ ರಾಜ್ಯ ಹೋಯಿತು, ಊರಲ್ಲಿ ಡಂಗುರ ಹೊಡೆದರು, ಬಂದೂಕುಗಳೆಲ್ಲ ಠಾಣೆ ಸೇರಿದವು. ರಾಜ್ಯ ಬದಲಾಯಿತೆಂದು ತೋಳಗಳಿಗೆ ಯಾರು ಹೇಳಬೇಕು, ಅವು ಮೊದಲಿನ ಹಾಗೆಯೇ ಬಂದವು, ಮರಿ ಎತ್ತಿಕೊಂಡು ಹೋದವು. ಒಂದು ದಿನ ಸರದಾರಸಾಬ ನಮ್ಮ ಬಾಗಿಲಿಗೇ ಬಂದ, ಬಂದೂಕ ಹೋತು ಕಾಕಾ, ಬರೇ ಬಡಿಗಿ ಹಿಡ್ಕೊಂಡು ಎಷ್ಟಂತ ಒದರಲಿ, ನನಗೊಂದು ಬಿಲ್ಲ ಮಾಡಿಕೊಡ್ರಿ, ಇದು ಚಲೋ ಬಂತಂದ್ರ ನಮ್ಮ ದೊಡ್ಡಿ ಮಂದಿ ಎಲ್ಲಾರೂ ನಿಮ್ಮ ಬಾಗಿಲಿಗೇ ಬರ್ತಾರ. ಆ ಮಾತು ಕೇಳಿದ ದಿನ ಅಂಬಣ್ಣ ತುಕ್ಕು ಹಿಡಿದಿದ್ದ ಬಾಚಿಯನ್ನು ಹುಡುಕಿ ಮಸೆದ, ಗುಡ್ಡ ಹತ್ತಿ ತಡಸಲ ಕಟ್ಟಿಗೆ ತಂದು ನೆರಳಿಗಿಟ್ಟ, ಮದುವೆ ಗಂಡಿನ ಹಾಗೆ ತಲೆಗೆ ಎಣ್ಣೆ ಹಚ್ಚಿಕೊಂಡ, ನನಗೆ ನೋಡಿ ನೋಡಿ ಸಾಕಾಗಲಿಲ್ಲ. ಕೆಲಸ ಇಲ್ಲದೆ ಕಟ್ಟೆಯ ಮೇಲೆ ಕೂತು ನೊಣ ಓಡಿಸುತ್ತಿದ್ದವನು ಮತ್ತೆ ಮನುಷ್ಯನಾದ, ಊಟಕ್ಕೆ ಕರೆದರೆ ತಡಿ ತಡಿ ಅನ್ನುವಷ್ಟು ದೊಡ್ಡ ಮನುಷ್ಯನಾದ, ನನಗೂ ಬೈಯಲು ಒಂದು ಕಾರಣ ಸಿಕ್ಕಿತು.

ಎಳೆ ಮೆತ್ತಗಾಯಿತು, ನಾಲಿಗೆಗೆ ಗೊತ್ತಾಗುತ್ತದೆ, ತೆಗೆದು ಅವನ ಅಂಗೈಗಿಟ್ಟೆ, ಇನ್ನೊಂದನ್ನು ಬಾಯಿಗೆ ಹಾಕಿದೆ. ಕಾಕಿ ಯಾಕ ಸುಮ್ಮನ ಕುಂತಾರ, ನಾ ಬಂದಿದ್ದಕ್ಕ ಸಿಟ್ಟಾಗ್ಯಾರೇನ್ರಿ, ಸರದಾರಸಾಬನಿಗೆ ಪಾಪ ಗೊತ್ತಿಲ್ಲ, ನರ ಅಗಿಯೋದು ಬಿಲ್ಲು ಮಾಡೋನ ಕೆಲಸ ಅಲ್ಲೇನ್ರಿ ಕಾಕಾ, ಅಂದ, ಅಂಬಣ್ಣ ಬಾಯಿ ಅಗಲಿಸಿ ಬರೀ ವಸಡು ತೋರಿಸಿದ, ನನ್ನ ಹಲ್ಲೆಲ್ಲ ಆಕಿ ಬಾಯಾಗ ಇಟ್ಟೀನಪಾ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ಮೊದಲ ಸಲ ನಗಲಿಲ್ಲ ಇವನು. ಹಲ್ಲು ಉದುರಿ ಮುಗಿದ ವರ್ಷ, ಇದೇ ಪಡಸಾಲೆ, ಎಳೆಯೊಂದನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿದ, ಕೂಸು ಸೆರಗಿನ ತುದಿ ಚೀಪಿದ ಹಾಗೆ ಚೀಪಿದ, ಆಗಲಿಲ್ಲ, ಉಗಿದು ಬೈದು ಗೋಡೆಗೆ ಮುಖ ಮಾಡಿ ಕೂತ — ನಾನು ಆ ಎಳೆ ಎತ್ತಿ ತೊಳೆದು ನನ್ನ ಬಾಯಿಗೆ ಹಾಕಿಕೊಂಡೆ, ಯಾಕೆ ಹಾಕಿಕೊಂಡೆನೋ, ಅಂಟು ಆರುತ್ತಿತ್ತು ಅಷ್ಟೇ, ತಣ್ಣಗಾದ ಅಂಟು ಯಾರ ಸಂಕಟವನ್ನೂ ಕೇಳುವುದಿಲ್ಲ. ಮೆತ್ತಗೆ ಮಾಡಿ ಅವನ ಮಗ್ಗುಲಲ್ಲಿ ಕೈ ಚಾಚಿದೆ, ತಿರುಗಿ ನೋಡದೆಯೇ ತೆಗೆದುಕೊಂಡ. ಅವತ್ತು ರಾತ್ರಿ ರೊಟ್ಟಿ ತಿನ್ನುವಾಗ ಹೇಳಿದ, ಮಾಳೀ, ನಿನ್ನ ಬಾಯಾಗ ನರ ಭಾಳ ಚಲೋ ನೆನೀತಾವ. ಮದುವೆಯಾದ ಮೇಲೆ ನನ್ನ ಬಾಯಿಯನ್ನು ಅವನು ಹೊಗಳಿದ್ದು ಅದೊಂದೇ ಸಲ, ನನಗೆ ನಾಚಿಕೆಯೂ ಆಯಿತು ಖುಷಿಯೂ ಆಯಿತು, ಈಗ ನೆನೆದರೂ ಆಗುತ್ತದೆ.

ನರ ಮೆತ್ತಗಾಗಿದೆ, ಕೊಟ್ಟೆ, ಅವನು ಅದ್ದಿದ, ಬಿಲ್ಲಿನ ನಡುವಿನಿಂದ ತುದಿಯ ಕಡೆಗೆ ಎಳೆಯುತ್ತಿದ್ದಾನೆ, ಮಾತು ನಿಂತಿಲ್ಲ, ಅವರಪ್ಪ ಹುಲಿಗೆ ಗುರಿ ಇಟ್ಟ ಕಥೆ, ಪ್ರತಿ ಸಲ ಹುಲಿ ಒಂದು ಗೇಣು ಬೆಳೆಯುತ್ತದೆ, ಬೆಳೆಯಲಿ — ಅಯ್ಯೋ, ಎಳೆ ಸೊಟ್ಟಗೆ ಹೋಯಿತು. ಕಿತ್ತು ಮತ್ತೆ ಹಚ್ಚಿದ. ಮತ್ತೆ ಸೊಟ್ಟ. ಕೈ ನಡುಗುತ್ತಿದೆ. ಮಜ್ಜಿಗೆ ಬಟ್ಟಲು ತುಳುಕಿದಾಗ ನೋಡಿದ್ದೆ, ಬಾಗಿಲ ಅಗಳಿ ಹಾಕುವಾಗ ನೋಡಿದ್ದೆ, ಈಚೆಗೆ ಬೇಕೆಂತಲೇ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾನೆ, ಚಳಿಯಂತೆ, ಬೇಸಿಗೆಯಲ್ಲಿ ಚಳಿ. ಬಿಲ್ಲಿನ ನಡು ಅಗಲ, ಅಲ್ಲಿ ನಡೆಯಿತು, ತುದಿಗೆ ಬಂದಂತೆ ಬೆರಳಗಲ, ಅಲ್ಲಿ ಎಳೆಗಳು ನೆಟ್ಟಗೆ ಕೂರದಿದ್ದರೆ ಒಣಗುತ್ತ ಒಂದು ಮಗ್ಗುಲಿಗೆ ಜಗ್ಗುತ್ತವೆ, ಬಿಲ್ಲು ಹೊರಳುತ್ತದೆ, ಹೊರಳಿದ ಬಿಲ್ಲು ಹಿಡಿದು ಈ ಸರದಾರಸಾಬ ಕತ್ತಲಲ್ಲಿ ತೋಳದ ಮುಂದೆ ನಿಲ್ಲಬೇಕು. ಅವನಿಗೆ ಹಾಗಾಗಬಾರದು. ಇನ್ನೊಂದನ್ನೂ ಮುಚ್ಚಿಡುವುದೇಕೆ, ಈ ಬಿಲ್ಲು ಕೆಟ್ಟರೆ ನನ್ನ ಅಂಬಣ್ಣ ಮತ್ತೆ ಬಾಚಿ ಮುಟ್ಟುವುದಿಲ್ಲ, ಕಟ್ಟೆಗೆ ಹೋಗಿ ಕೂರುತ್ತಾನೆ, ಹುಲಿಯ ಕಥೆಯೂ ನಿಂತುಹೋಗುತ್ತದೆ, ಮಾತಿಲ್ಲದ ಇವನನ್ನು ಇಟ್ಟುಕೊಂಡು ನಾನೇನು ಮಾಡಲಿ. ಹೋದ ಸಂತೆಯ ದಿನ ಕೇಳಿದ್ದೆ, ನಾ ಹಚ್ಚಲೇನ್ರಿ, ಕಣ್ಣು ಕೆಂಪಗೆ ಮಾಡಿ, ನಾ ಇನ್ನಾ ಸತ್ತಿಲ್ಲ ಅಂದ. ಅಂಟಿನ ಮೇಲೆ ಕೆನೆ ಕಟ್ಟುತ್ತಿದೆ. ಸರದಾರಸಾಬನ ನಗು ನಿಂತಿದೆ, ಬೀಡಿ ಬೆರಳಲ್ಲೇ ಉಳಿದಿದೆ, ನೋಡಿದನೇ, ನೋಡಿದ, ನೋಡದವನ ಹಾಗೆ ಗುಡ್ಡದ ಕಡೆ ಮುಖ ತಿರುಗಿಸಿದ, ಒಳ್ಳೆಯವನು. ನಾನು ಬಾಯಿ ಬಿಡುವಂತಿಲ್ಲ, ಬಿಟ್ಟರೂ ಏನು ಹೇಳಲಿ, ನಿಮ್ಮ ಕೈ ನಡಗಾಕತ್ತಾವ ಅಂತ ಪರರ ಮುಂದೆ ಹೇಳಲೇ, ಅದಕ್ಕಿಂತ ಬಿಲ್ಲು ಮುರಿಯುವುದೇ ವಾಸಿ.

ಅವನ ಅಂಗೈ ಚಾಚಿದೆ, ಎಳೆಗಾಗಿ ಕಾಯುತ್ತಿದೆ, ಅಂಗೈಯೂ ನಡುಗುತ್ತಿದೆ, ನಾನು ಎಳೆಯನ್ನು ಬಾಯಿಂದ ತೆಗೆದೆ, ಅಂಗೈಗೆ ಇಡಲಿಲ್ಲ. ನಾನೇ ಅದ್ದಿದೆ, ನಾನೇ ಬಗ್ಗಿ ಸೊಟ್ಟ ಎಳೆಯನ್ನು ಕಿತ್ತು ಅದರ ಜಾಗಕ್ಕೆ ಇದನ್ನಿಟ್ಟು ತುದಿಯ ತನಕ ಒತ್ತುತ್ತ ಹೋದೆ, ಹೆಂಗಸಿನ ಕೈ ಬಿಲ್ಲಿನ ಬೆನ್ನಿಗೆ ತಾಕಬಾರದೆಂದು ಈ ಮನೆಯಲ್ಲಿ ಯಾರೂ ಹೇಳಿಲ್ಲ, ತಾಕಲಿ ಎಂದೂ ಹೇಳಿಲ್ಲ. ನೆಟ್ಟಗೆ ಕೂತಿತು. ಕಥೆಯ ಹುಲಿ ಗುಡ್ಡದ ಮೇಲೆಯೇ ನಿಂತಿತು, ನಾನು ತಲೆ ಎತ್ತಲಿಲ್ಲ, ಬೈಯುತ್ತಾನೆ, ಎದ್ದು ಹೋಗುತ್ತಾನೆ, ಗೋಡೆಗೆ ಮುಖ ಮಾಡುತ್ತಾನೆ, ಇನ್ನೊಂದು ಎಳೆ ಬಾಯಿಗೆ ಹಾಕಿಕೊಂಡೆ, ಎದೆ ಹೊಡೆದುಕೊಳ್ಳುವುದು ಹಲ್ಲಿನಲ್ಲಿ ಕೇಳಿಸುತ್ತಿದೆ. ಬಿಲ್ಲ ಅಳ್ಳಾಡಾಕತ್ತೈತಿ — ಅವನೇ, ಅಂಬಣ್ಣನೇ — ಬಿಲ್ಲ ಅಳ್ಳಾಡಾಕತ್ತೈತಿ, ನಾ ಗಟ್ಟಿ ಹಿಡಿತೇನಿ, ನೀ ಹಚ್ಚು. ಹೌದ್ರಿ ಕಾಕಾ, ಹಿಡಿಯೋರು ಗಟ್ಟಿ ಇರಬೇಕ್ರಿ, ಅಂದ ಸರದಾರಸಾಬ ಗುಡ್ಡದ ಕಡೆಯೇ ನೋಡುತ್ತ, ಈ ಪುಣ್ಯಾತ್ಮನಿಗೆ ದಿನಾಲೂ ರೊಟ್ಟಿ ಬಡಿದು ಹಾಕಬೇಕು ಅನ್ನಿಸಿತು. ಅಂಬಣ್ಣ ಬಿಲ್ಲನ್ನು ಮೊಣಕಾಲ ನಡುವೆ ಸಿಕ್ಕಿಸಿದ, ಎರಡೂ ಕೈಯಿಂದ ಬಿಗಿದ, ನಾನು ಎಳೆ ಇಟ್ಟೆ, ಎಳೆಯ ತಲೆಯನ್ನು ಅವನು ಹೆಬ್ಬೆರಳಿನಿಂದ ಒತ್ತಿ ಹಿಡಿದ, ನಾನು ತುದಿಗೆ ಸವರಿದೆ, ಇನ್ನೊಂದು ಇಟ್ಟೆ, ಹೆಬ್ಬೆರಳು ಸರಿದು ಅದರ ಮೇಲೆ ಬಂತು, ಒತ್ತಿತು, ಉಗುರು ಬೆಳ್ಳಗಾಯಿತು, ಇನ್ನೊಂದು, ಅಂಟು ಹೊಳೆಯುತ್ತಿದೆ, ನಡುಗುತ್ತಿಲ್ಲ, ಇನ್ನೊಂದು, ಒತ್ತಿದ ಹೆಬ್ಬೆರಳು ನಡುಗುತ್ತಿಲ್ಲ, ಅಗಿಯುವುದನ್ನು ಮರೆತು ನೋಡುತ್ತಿದ್ದೇನೆ, ಬೆಳ್ಳಗಾದ ಉಗುರು, ನಡುಗದ ಹೆಬ್ಬೆರಳು, ನನ್ನ ಬೆರಳ ಪಕ್ಕದಲ್ಲೇ.