ಕೆಂಪಯ್ಯನಿಗೆ ಸೈಕಲ್ ಕಲಿಸಿದ್ದು

ಸೈಕಲ್ ಕಲಿಸುವವರಿಗೇ ಕಲಿಸುವ ಆರು ದಿನದ ತರಬೇತಿ. ಮೊದಲ ಬೆಳಿಗ್ಗೆ ಶಿವಾಜಿನಗರದ ಮೈದಾನವೊಂದರಲ್ಲಿ ತರಬೇತಿ ಕೊಡುವ ಮರಾಠಿ ಹೆಂಗಸು ನೀಲಿಮಾತಾಯಿ ಎಲ್ಲರನ್ನೂ ಕೇಳಿದರು: ನೀವು ಸೈಕಲ್ ಕಲಿತದ್ದು ಹೇಗೆ? ಒಂಬತ್ತು ಜನರಲ್ಲಿ ಒಂಬತ್ತೂ ಜನ ಏಟು ತಿಂದೇ ಕಲಿತವರು. ಒಬ್ಬನಿಗೆ ಅಣ್ಣನ ಬೆಲ್ಟು, ಒಬ್ಬಳಿಗೆ ಅಪ್ಪನ ಚಪ್ಪಲಿ. ಶರಣಮ್ಮನನ್ನು ಅವಳ ಸೋದರಮಾವ ಅವ್ವಣ್ಣ ಕಾಲುವೆಯ ಏರಿಯಿಂದ ಸೈಕಲ್ ಸಮೇತ ಕೆಳಕ್ಕೆ ನೂಕಿದ್ದ. ಎರಡು ಹಲ್ಲು ಹೋದವು, ಸೈಕಲ್ ಬಂತು. ಇದನ್ನು ಅವಳು ದೂರಿನಂತೆ ಹೇಳಲಿಲ್ಲ, ಒಂದು ವಿಧಾನವೆಂದು ಹೇಳಿದಳು.

ನೀಲಿಮಾತಾಯಿ ಹಲಗೆಯ ಮೇಲೆ ಮರಾಠಿಯಲ್ಲಿ ಬರೆದರು: ಕಲಿಯುವವರ ಮೇಲೆ ಕೈ ಎತ್ತಿದರೆ ಪ್ರಮಾಣಪತ್ರ ಇಲ್ಲ. ಅದರ ಕೆಳಗೆ: ಕಲಿಯುವವರನ್ನು ಹಿಡಿದು ಓಡುವಂತೆಯೂ ಇಲ್ಲ. ಪೆಡಲ್ ಕಳಚಿ, ಸೀಟು ಇಳಿಸಿ, ಕಾಲಿನಿಂದ ನೆಲ ತಳ್ಳಿಕೊಂಡು ಅವರೇ ಸಮತೋಲ ಕಂಡುಕೊಳ್ಳಬೇಕು. ಹೊಡೆಯದೆ, ಹಿಡಿಯದೆ ಮತ್ತೇನು ಮಾಡುವುದು ಎಂದು ಶರಣಮ್ಮನಿಗೆ ಎರಡು ದಿನ ಹೊಳೆಯಲಿಲ್ಲ.

ಆದರೆ ಆ ಕಾಗದ ಅವಳಿಗೆ ಬೇಕೇ ಬೇಕಿತ್ತು. ತಳೇಗಾಂವ ದಾಭಾಡೆ ಊರಿನ ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದ ಹೆಂಗಸರಿಗೆ ಅವಳು ಹಳೆಯ ಸೈಕಲ್ಲುಗಳ ಮೇಲೆ ಸವಾರಿ ಕಲಿಸುತ್ತಿದ್ದಳು. ಸೈಕಲ್ ಬಂದವರು ಸೈಟಿಗೆ ಹೋಗಲು ಕೂಲಿಯಾಳುಗಳ ಮೇಸ್ತ್ರಿ, ಮುಕಾದಮ ಕೆಂಪಯ್ಯನ ಟೆಂಪೊ ಹತ್ತಬೇಕಾಗಿರಲಿಲ್ಲ. ಟೆಂಪೊದಲ್ಲಿ ಅವನ ಕೈ ಎಲ್ಲೆಲ್ಲಿ ಹೋಗುತ್ತದೆಂದು ಕೂಲಿಗಳ ಶೆಡ್ಡಿನಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಒಂದು ಸಂಜೆ ಕೆಂಪಯ್ಯ ಬಂದು ನಾಲ್ಕು ಸೈಕಲ್ಲುಗಳ ಟೈರುಗಳನ್ನು ಕುಡುಗೋಲಿನಿಂದ ಸೀಳಿದ. ಅಡ್ಡ ಬಂದ, ಸೈಕಲ್ ಕಲಿಯುತ್ತಿದ್ದ ಮರೆಮ್ಮನ ಮೊಣಕಾಲಿಗೆ ಕಬ್ಬಿಣದ ಸರಳಿನಿಂದ ಬಾರಿಸಿದ. ಸೈಟಿನ ಆಫೀಸಿನ ರಿಜಿಸ್ಟರಿನಲ್ಲಿ ಆ ಮೊಣಕಾಲು ಸೈಕಲ್ ಕಲಿಯುವಾಗ ಬಿದ್ದು ಮುರಿಯಿತು. ಪ್ರಮಾಣಪತ್ರ ಇಲ್ಲದವರು ಸೈಟಿನ ಅಂಗಳದಲ್ಲಿ ಕಲಿಸಕೂಡದು ಎಂದು ಆಫೀಸು ಹೇಳಿತು. ಕಾಗದ ತಂದರೆ ಅಂಗಳ, ಇಲ್ಲದಿದ್ದರೆ ಟೆಂಪೊ.

ಪರೀಕ್ಷೆಯ ದಿನ ಪ್ರತಿಯೊಬ್ಬರಿಗೂ ಜನ್ಮದಲ್ಲಿ ಸೈಕಲ್ ಹತ್ತದ ಒಬ್ಬರನ್ನು ಕೊಡುವ ಪದ್ಧತಿ. ಒಂದು ಗಂಟೆಯೊಳಗೆ ಅವರು ಸೈಕಲ್ ತುಳಿದು ಬಂದು, ಸುಣ್ಣದ ಗೆರೆಯ ಮೇಲೆ ಬ್ರೇಕ್ ಹಿಡಿದು ನಿಂತರೆ ಕಲಿಸಿದವರು ಪಾಸು. ಅಂಥವರಿದ್ದರೆ ಕಳಿಸಿರೆಂದು ಸೈಟುಗಳಿಗೆ ಹೇಳಿಕಳಿಸಿದ್ದರು. ತಳೇಗಾಂವದಿಂದ ಕೆಂಪಯ್ಯ ತಾನೇ ಬಂದ. ನಲವತ್ತೈದರ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಸೈಕಲ್ ಬಾರದೆಂಬುದು ಸುಳ್ಳೇನಲ್ಲ. ಇಬ್ಬರದೂ ಒಂದೇ ಭಾಷೆ ಎಂದು ನೀಲಿಮಾತಾಯಿ ಸಂತೋಷದಿಂದ ಅವನನ್ನು ಶರಣಮ್ಮನಿಗೇ ಜೋಡಿಸಿದರು. ಅವರಿಗೆ ಆ ಭಾಷೆಯ ಒಂದಕ್ಷರವೂ ತಿಳಿಯದು.

"ಏನವ್ವಾ ಮಾಸ್ತರಬಾಯಿ," ಎಂದ ಕೆಂಪಯ್ಯ, ಊರಿನ ಕ್ಷೇಮಸಮಾಚಾರ ಕೇಳುವವನ ನಗುವಿನಲ್ಲಿ. "ಮರೆಮ್ಮನ ಮಣಕಾಲ ಹ್ಯಾಂಗದ? ಇನ್ನೊಂದು ಉಳದದಲ್ಲ."

ದೂರದಲ್ಲಿ ಹಾಳೆ ಸಿಕ್ಕಿಸಿದ ರಟ್ಟು ಹಿಡಿದು ನಿಂತಿದ್ದ ನೀಲಿಮಾತಾಯಿ, ಸಂಭಾಷಣೆ ಸ್ನೇಹದಿಂದ ಕೂಡಿದೆ ಎಂದು ಬರೆದುಕೊಂಡರು.

"ಮೊದಲ ಬ್ರೇಕ್ ಹಿಡಿಯೂದು ಕಲೀರಿ," ಎಂದಳು ಶರಣಮ್ಮ.

"ಬ್ರೇಕ್ ಯಾರಿಗೆ ಬೇಕು. ನೀ ನನಗ ಒಂದ ಏಟು ಹೊಡಿ, ಸಾಕು. ಅದನ್ನ ತಗೊಂಡು ಹೋಗಲಿಕ್ಕೇ ಬಂದೀನಿ."

ಸೀಟು ಇಳಿಸಲು ಅವಳು ಬಗ್ಗಿದಾಗ ಮೊಣಕೈಯಿಂದ ಪಕ್ಕೆಗೆ ತಿವಿದ. ಚಕ್ರವನ್ನು ಅವಳ ಕಾಲ್ಬೆರಳುಗಳ ಮೇಲೆ ಹತ್ತಿಸಿ, ತೂಕ ಬಿಟ್ಟು ನಿಂತ. ಹೆಬ್ಬೆರಳಿನ ಉಗುರು ಎದ್ದುಬಂತು. ಶರಣಮ್ಮ ಹಿಂದೆ ಕೈ ಕಟ್ಟಿ, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಳು. ಕಲಿಯುವವರು ಬ್ರೇಕಿನ ಪಾಠ ಒಲ್ಲೆನ್ನುತ್ತಾರೆ ಎಂದು ಮರಾಠಿಯಲ್ಲಿ ಕೂಗಿ ಹೇಳಿದಳು. ಅದೂ ರಟ್ಟಿನ ಹಾಳೆಗೆ ಬಂತು.

"ಕಾಲಿಲೆ ತಳ್ರಿ. ನೆಲ ನೋಡಬ್ಯಾಡ್ರಿ, ಮುಂದ ನೋಡ್ರಿ."

ಕೆಂಪಯ್ಯ ಬೈಯುತ್ತಲೇ ತಳ್ಳಿದ. ಅವಳ ಅವ್ವನನ್ನು ಒಂದು ಸುತ್ತು ಬೈದ, ಅಕ್ಕತಂಗಿಯರನ್ನು ಎರಡು ಸುತ್ತು. ಐದನೆಯ ಸುತ್ತಿನಲ್ಲಿ ಅವನ ಎರಡೂ ಕಾಲು ನೆಲ ಬಿಟ್ಟವು, ಸೈಕಲ್ ಬೀಳಲಿಲ್ಲ. ಬೈಗುಳ ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು. ಶರಣಮ್ಮ ಆ ಮುಖವನ್ನು ಶೆಡ್ಡಿನ ಹೆಂಗಸರಲ್ಲಿ ಎಷ್ಟೋ ಸಲ ಕಂಡಿದ್ದಳು. ಅವನಿಗೂ ಅದೇ ಮುಖವಿದೆ ಎಂಬುದು ಅವಳನ್ನು ಪಕ್ಕೆಯ ಏಟಿಗಿಂತ ಹೆಚ್ಚು ನೋಯಿಸಿತು.

ಪೆಡಲ್ ಹಾಕಿಕೊಟ್ಟಳು. ಅವನು ತುಳಿದ. ತುಳಿದ ಮೇಲೆ ನಿಲ್ಲಿಸುವುದೂ ಒಂದಿದೆ ಎಂಬುದನ್ನು ಮರೆತು ಇನ್ನೂ ಜೋರಾಗಿ ತುಳಿದ.

"ಬ್ರೇಕ್ ಹಿಡೀರಿ," ಎಂದು ಶರಣಮ್ಮ ಮೂರು ಸಲ ಕೂಗಿದಳು. ಮೈದಾನದಂಚಿನ ಕಲ್ಲಿನ ರೋಲರಿಗೆ ಕೆಂಪಯ್ಯ ಮೂಗು ಮುಂದಾಗಿ ಹೋಗಿ ಬಿದ್ದ. ಎಲುಬು ಲಟಕ್ಕೆಂದದ್ದು ಈ ತುದಿಗೂ ಕೇಳಿಸಿತು.

ಎದ್ದವನು ನೇರ ಅವಳ ಬಳಿ ಬಂದ. ಮೊದಲು ಅಂಗೈಯಿಂದ, ಆಮೇಲೆ ಮುಷ್ಟಿಯಿಂದ ಹೊಡೆದ. ಅವಳ ತುಟಿ ಸೀಳಿತು. ಕೆಳಗೆ ಬಿದ್ದವಳ ಹೊಟ್ಟೆಗೆ ಒಮ್ಮೆ ಒದ್ದ. ಅವಳು ಮತ್ತೆ ಹಿಡಿದುಕೊಂಡಿದ್ದ ತನ್ನ ಮಣಿಕಟ್ಟನ್ನು ಬಿಡಲಿಲ್ಲ. ಉಗುರು ನಾಟಿ ಅಲ್ಲೂ ರಕ್ತ ಬಂದಿತ್ತು.

ಸೀಟಿ ಊದುತ್ತ ಓಡಿಬಂದ ನೀಲಿಮಾತಾಯಿ, ಪರೀಕ್ಷೆ ಇಲ್ಲಿಗೇ ರದ್ದು, ಇವನನ್ನು ಹೊರಗೆ ಹಾಕುತ್ತೇನೆ, ನೀನು ನಾಲ್ಕು ತಿಂಗಳ ನಂತರದ ತಂಡಕ್ಕೆ ಬಾ ಎಂದರು. ನಾಲ್ಕು ತಿಂಗಳು ಪ್ರತಿ ಬೆಳಿಗ್ಗೆ ಮತ್ತೆ ಅದೇ ಟೆಂಪೊ, ಕುಂಟುತ್ತ ಹತ್ತುವ ಮರೆಮ್ಮ.

"ಇನ್ನೂ ಹನ್ನೆರಡು ನಿಮಿಷ ಇದೆ ತಾಯಿ," ಎಂದು ಶರಣಮ್ಮ ಮರಾಠಿಯಲ್ಲಿ ಹೇಳಿ ಎದ್ದಳು. "ಅವನನ್ನು ಕಳಿಸಬೇಡಿ."

ಕೆಂಪಯ್ಯ ಅವಳನ್ನು ನೋಡುತ್ತಿರಲಿಲ್ಲ. ಮೂಗಿನಿಂದ ಬಿಳಿ ಅಂಗಿಯ ಮೇಲೆ ರಕ್ತ ಸುರಿಯುತ್ತಿತ್ತು. ಅವನ ಕಣ್ಣು ಹ್ಯಾಂಡಲ್ ಸೊಟ್ಟಗಾಗಿ ಬಿದ್ದಿದ್ದ ಸೈಕಲ್ಲಿನ ಮೇಲಿತ್ತು. ಮುರಿಯಿತೇನೋ ಎಂಬ ಗಾಬರಿ. ಶರಣಮ್ಮ ಕುಂಟುತ್ತ ಹೋಗಿ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಹ್ಯಾಂಡಲ್ ತಿರುಚಿ ನೆಟ್ಟಗೆ ಮಾಡಿದಳು.

"ಮುರದಿಲ್ಲ. ಬರ್ರಿ ಮುಕಾದಮ್ರ," ಎಂದಳು, ಬಾಯಲ್ಲಿದ್ದ ರಕ್ತ ಉಗುಳಿ. "ಈಗ ಬ್ರೇಕ್ ಕಲಿಯೂಣು."

ಅವನು ಬಂದ. ಯಾಕೆ ಬಂದೆನೆಂದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ತುಳಿ, ಹಿಡಿ, ಕಾಲೂರು. ಒಂದೊಂದು ಸಲ ಬ್ರೇಕ್ ಹಿಡಿದಾಗಲೂ ಜಗ್ಗಿದ ರಭಸಕ್ಕೆ ಮೂಗಿನಿಂದ ರಕ್ತ ಚಿಮ್ಮುತ್ತಿತ್ತು. "ಎರಡೂ ಕೈಲೆ ಹಿಡೀರಿ. ಏನಾದ್ರೂ ಬಿಡಬ್ಯಾಡ್ರಿ. ಮತ್ತ ಮಾಡ್ರಿ." ಹದಿನಾಲ್ಕು ಸಲ ಮಾಡಿಸಿದಳು. ಹದಿನೈದನೆಯ ಸಲ ಅವನು ಸುಣ್ಣದ ಗೆರೆಯ ಮೇಲೆ ಗಕ್ಕನೆ ನಿಂತ. ನೀಲಿಮಾತಾಯಿ ಪ್ರಮಾಣಪತ್ರಕ್ಕೆ ಸಹಿ ಹಾಕಿ ಮೊಹರು ಒತ್ತಿದರು.

"ಪರೀಕ್ಷೆ ಮುಗಿಯಿತೇ ತಾಯಿ?"

"ಮುಗಿಯಿತು. ನಡೆ, ಪೊಲೀಸ್ ಸ್ಟೇಷನ್ನಿಗೆ ಹೋಗೋಣ. ನಾನೇ ಸಾಕ್ಷಿ."

"ಹೋಗೋಣ. ಇದನ್ನು ಒಂದು ಕ್ಷಣ ಹಿಡಿದುಕೊಳ್ಳಿ," ಎಂದು ಶರಣಮ್ಮ ಕಾಗದವನ್ನು ಅವರ ಕೈಗೇ ಕೊಟ್ಟಳು.

ಇನ್ನೊಂದು ಸುತ್ತು ಹೊಡೆದು ಬಂದ ಕೆಂಪಯ್ಯ ಅವಳ ಮುಂದೆ ಚಂದವಾಗಿ ನಿಲ್ಲಿಸಿದ. "ತಿರಗಿಸೂದು ಕಲಿಸಲೇ ಇಲ್ಲಲ್ಲ ನೀ," ಎಂದ.

ಹನ್ನೊಂದು ವರ್ಷ ಇಟ್ಟಿಗೆ ಹೊತ್ತ ಶರಣಮ್ಮನ ಕೈ ಅದು. ಸರಿಯಾಗಿ ಮೂಗಿನ ಮೇಲೇ ಬಿತ್ತು. ಅವನ ತಲೆ ಹಿಂದಕ್ಕೆ ಹೋಗಿ ಬಂತು. ಆದರೆ ಎರಡೂ ಕೈ ಬ್ರೇಕ್ ಬಿಡಲಿಲ್ಲ, ಚಕ್ರ ಒಂದಂಗುಲವೂ ಸರಿಯಲಿಲ್ಲ.

ಶರಣಮ್ಮ ಅದನ್ನು ಗಮನಿಸಿದಳು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಬಾರಿಸಿದಳು.