ಮೂರನೇ ಪೆಟ್ಟಿನ ತಡ

ಲಾಂಡ್ರಿಯ ಇಸ್ತ್ರಿ ಮಾಮ ಜೆಂಬೆ ಎಂಬ ಆಫ್ರಿಕಾದ ಡೋಲು ಬಾರಿಸಿದರೆ ಮೂರನೇ ಪೆಟ್ಟು ಯಾವಾಗಲೂ ಒಂದು ಚೂರು ತಡ. ಧಬ್, ಧಬ್ ಎಂದು ಎರಡು ಬೀಳುತ್ತವೆ. ಮೂರನೆಯದು ನಮ್ಮ ಕಿವಿ ಕಾದು ಕಾದು ಸಾಕಾದ ಮೇಲೆ ಬರುತ್ತದೆ.

"ನಮ್ಮಮ್ಮ ನನ್ನ ಬೆನ್ನಿಗೆ ಕಟ್ಕೊಂಡೇ ಕಾಳು ಕುಟ್ತಿದ್ಲು," ಎಂದು ಅವರೇ ಒಮ್ಮೆ ಪೀಪಿಗೆ ಹೇಳಿದ್ದರು. "ಎರಡು ಪೆಟ್ಟಿಗೆ ನಾನು ಜಾರ್ತಿದ್ದೆ. ನನ್ನ ಮೇಲಕ್ಕೆ ಎಳ್ಕೊಂಡು ಮೂರನೇದು ಹಾಕ್ತಿದ್ಲು. ಆ ತಡದಲ್ಲಿ ಇರೋದು ನಾನೇ."

ಪೀಪಿ ಅನ್ನೋದು ಹುಡುಗಿಯ ಹೆಸರಲ್ಲ. ಅಜ್ಜಿ ಕೊಟ್ಟ ತಗಡಿನ ಕೊಳಲು, ಅಜ್ಜಿ ಕಲಿಸಿದ, ಐರ್ಲೆಂಡ್ ಕಡೆಯ ಸೆಲ್ಟಿಕ್ ರಾಗಗಳು, ಇವೆರಡನ್ನೂ ಬಾಯಿಂದ ಇಳಿಸದವಳಿಗೆ ಬಿದ್ದ ಅಡ್ಡಹೆಸರು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದು ವರ್ಷ, ಮಾಮನ ಊಟದ ಬಿಡುವಿನಲ್ಲಿ, ಇಬ್ಬರೂ ಸೇರಿ ನುಡಿಸಿದ್ದರು. ಅದನ್ನು ಕೇಳಿದ, ಕಂಪ್ಯೂಟರಲ್ಲಿ ಹಾಡು ಜೋಡಿಸುವ ಅವಳ ತಮ್ಮನ ತಲೆಗೆ ಆಲ್ಬಮ್ಮು ಹೊಕ್ಕಿತು: ಆಫ್ರಿಕಾದ ಡೋಲು, ಸೆಲ್ಟಿಕ್ ಕೊಳಲು, ಅದರ ಮೇಲೆ ಕ್ಲಬ್ಬಲ್ಲಿ ಕುಣಿಸುವ ಎಲೆಕ್ಟ್ರಾನಿಕ್ ಬೀಟು.

ಮಾಮ ಸುಲಭಕ್ಕೆ ಬಗ್ಗಲಿಲ್ಲ. "ಕಂಪ್ಯೂಟರಿಗೆ ತಡ ಅಂದ್ರೆ ತಪ್ಪು ಕಣಮ್ಮ. ಪೆಟ್ಟನ್ನೆಲ್ಲ ಗೆರೆ ಹಾಕಿ ನೆಟ್ಟಗೆ ಕೂರಿಸ್ತಾರೆ."

"ಮುಟ್ಟಿದ್ರೆ ನನ್ ಕೈ ಬಿದ್ದೋಗ್ಲಿ ಮಾಮ," ಎಂದ ತಮ್ಮ.

"ಅವನನ್ನ ನಂಬಬೇಡಿ, ನನ್ನ ನಂಬಿ," ಎಂದಳು ಪೀಪಿ. ಎಲ್ಲರೂ ನಕ್ಕರು. ಮಾಮ ಒಪ್ಪಿದ್ದು ಆ ಮಾತಿಗೇ.

ಆಲ್ಬಮ್ ಬಂದ ದಿನ ಬೆಳಿಗ್ಗೆ ಅವಳೇ ಮಾಮನನ್ನು ಕ್ಯಾಸೆಟ್ಟು, ಸಿ.ಡಿ. ಮಾರುವ ಅಂಗಡಿಗೆ ಕರೆದುಕೊಂಡು ಹೋದಳು. ಮಾಮ ತಾವೇ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ತೋಳಿನ ಗೆರೆಯಲ್ಲಿ ಬೆರಳು ಕುಯ್ಯಬಹುದು ಅನ್ನುವಂತಿತ್ತು. ಅಂಗಡಿಯವನು ಹಾಡು ಹಾಕಿದ. ಧಬ್, ಧಬ್, ತಡ, ಧಬ್. ಪೀಪಿ ಮಾಮನ ಮುಖ ನೋಡಿ ಹಲ್ಲು ಬಿಟ್ಟಳು. ಕೊಳಲು ಬಂತು, ಹೋಯಿತು. ಬೀಟು ಏರಿತು. ಧಬ್, ಧಬ್, ಧಬ್. ಧಬ್, ಧಬ್, ಧಬ್.

ಅವಳ ಕಾಲು ಮೂರನೇ ಪೆಟ್ಟಿಗೆ ಕಾದು ಗಾಳಿಯಲ್ಲೇ ನಿಂತಿತು. ಅಂಗಡಿಯವನು ಮಾತ್ರ ಕುಣಿಯುತ್ತಿದ್ದ.

ಮಾಮ ಕೊನೆಯವರೆಗೂ ಕೇಳಿದರು. "ಚೆನ್ನಾಗಿದೆ," ಎಂದರು. "ಯಾರು ಬಾರಿಸಿರೋದು?"

ಹಾಗೆ ಕೇಳಿದವರೇ ಬಾಗಿಲು ದಾಟಿ ಹೋದರು.

ಮನೆಯಲ್ಲಿ ಅವಳ ತಮ್ಮ, ಮಂಚದ ಮೇಲೆ ಬಿದ್ದುಕೊಂಡು, ಆಲ್ಬಮ್ಮಿಗೆ ಬಂದ ಮೆಚ್ಚುಗೆಗಳನ್ನು ಫೋನಲ್ಲಿ ಓದುತ್ತಿದ್ದ.

"ಮೂರನೇ ಪೆಟ್ಟು ನೆಟ್ಟಗೆ ಮಾಡಿದ್ಯಾ?" ಎಂದಳು ಪೀಪಿ.

"ಕುಣಿಯೋರು ಎಡವ್ತಾರೆ ಕಣೇ. ಒಬ್ಬರ ಅಮ್ಮನ ಕಥೆಗೆ ಇಡೀ ಕ್ಲಬ್ಬು ಕಾಯಲ್ಲ."

"ನಂಗೆ ಹೇಳ್ಲಿಲ್ಲ."

"ಆಲ್ಬಮ್ ಬರೋಕೆ ಮುಂಚೆ ಹಾಡು ಕಳಿಸಿದ್ನಲ್ಲ. ನೀನು ಸರಿ ಅಂತ ಹೆಬ್ಬೆರಳು ಒತ್ತಿದ್ದೆ, ನೋಡ್ಕೋ."

ಫೋನ್ ತೆಗೆದು ನೋಡಿದಳು. ಇತ್ತು. ಹಳದಿ ಹೆಬ್ಬೆರಳು, ಅವಳದ್ದೇ. ಬಸ್ಸಲ್ಲಿ ನೇತಾಡಿಕೊಂಡು ಕೇಳಿದ್ದಳು, ತನ್ನ ಕೊಳಲು ಮುಗಿಯುವವರೆಗೆ.

"ಅಲ್ಲೀವರೆಗೂ ಸರಿಯಾಗೇ ಇತ್ತು," ಎಂದಳು, ತನಗೆ ತಾನೇ ಎಂಬಂತೆ.

ಅವನು ಫೋನಿಂದ ಕಣ್ಣು ಎತ್ತಲಿಲ್ಲ. "ಅಲ್ಲೀವರೆಗೂ ಮುಟ್ಟಿಲ್ಲ. ನಿನ್ನ ಸೀಟಿ ಆದ್ಮೇಲೆ ನೀನು ಯಾವತ್ತು ಕೇಳಿದ್ದೀಯ ಹೇಳು? ನಾನು ಹುಟ್ಟಿದಾಗಿಂದ ನೋಡ್ತಿದೀನಿ ನಿನ್ನ."

ಅದು ನಿಜ. ಅವಳನ್ನು ಅಷ್ಟು ಚೆನ್ನಾಗಿ ಬಲ್ಲವನು ಬೇರೆ ಯಾರೂ ಇಲ್ಲ.

ಮರುದಿನ ಊಟದ ಬಿಡುವಿಗೆ ಲಾಂಡ್ರಿಗೆ ಹೋದಳು. ಮಾಮ ಜೆಂಬೆಯ ಮೇಲೆ ಒಗೆದ ಚಾದರಗಳನ್ನು ಮಡಿಸಿ ಪೇರಿಸಿದ್ದರು.

"ಮಾಮ, ನಂಗೆ ಗೊತ್ತಿರ್ಲಿಲ್ಲ. ನಾನು ಕೊನೇತನಕ ಕೇಳಲೇ ಇಲ್ಲ."

"ಫೋನ್ ಆಚೆ ಇಟ್ಟು ಬಾ. ಇಲ್ಲಿಂದು ಇನ್ನೇನೂ ರೆಕಾರ್ಡ್ ಆಗೋದು ಬೇಡ."

ಇಟ್ಟು ಬಂದಳು. ಮಾತಾಡುವ ಬದಲು ಕೊಳಲು ತೆಗೆದು ಅಜ್ಜಿಯ ರಾಗ ಶುರು ಮಾಡಿದಳು. ಈ ಕೋಣೆಯಲ್ಲಿ ಮಾಮನ ಇಸ್ತ್ರಿಪೆಟ್ಟಿಗೆಯೂ ಆ ತಡ ಬಲ್ಲದು. ಎರಡು ಸಲ ಇಳಿದು, ಒಂದು ಉಸಿರು ನಿಂತು, ಮೂರನೇ ಸಲ ಇಳಿಯುತ್ತದೆ.

ಮಾಮ ಅಂಗಿ ಹಾಸಿದರು. ಪೆಟ್ಟಿಗೆ ಇಳಿಯಿತು. ಧಬ್, ಧಬ್, ಧಬ್. ಒಂದೇ ಸಮ, ತಡವೇ ಇಲ್ಲದೆ, ಗೆರೆ ಹಾಕಿ ಕೂರಿಸಿದಂತೆ.

ಪೀಪಿ ಕೊಳಲು ಇಳಿಸಿದಳು. ಪೆಟ್ಟಿಗೆ ಹಾಗೇ ನೆಟ್ಟಗೆ ಬೀಳುತ್ತಲೇ ಇತ್ತು.